ತೇಲುವ ಕೋಣೆ ಒಂದೇ ಮೂಲೆಗೆ ವಾಲುತ್ತಿದೆ, ಡ್ರಮ್ ಜಾಸ್ತಿ ಹಾಕಿದರೆ ಸರಿ ಹೋಗುತ್ತಾ?

ಕುದ್ರುಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸ್ವರ್ಣಾ ನದಿಯ ಹಿನ್ನೀರಿನ ದಂಡೆಯಲ್ಲಿ, ಕೆಮ್ಮಣ್ಣು ಕಡೆ. ಅಂಗಳ ಇಳಿದರೆ ನೀರು. ಡಿಸೆಂಬರ್‌ನಲ್ಲಿ ನಾನೂ ತಮ್ಮನೂ ಸೇರಿ ಒಂದು ತೇಲುವ ಕೋಣೆ ಕಟ್ಟಿದೆವು. 20 ಅಡಿ ಉದ್ದ, 16 ಅಡಿ ಅಗಲದ ಜಿಐ ಪೈಪಿನ ಚೌಕಟ್ಟು, ಮೇಲೆ ಪ್ಲೈವುಡ್ ಹಲಗೆ, ಬಿದಿರು ತಟ್ಟಿಯ ಗೋಡೆ, ಶೀಟಿನ ಮಾಡು. ಕೆಳಗೆ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ 28, ಅಡ್ಡ ಮಲಗಿಸಿ ಪಟ್ಟಿ ಕಟ್ಟಿದ್ದೇವೆ. ಎಂಜಿನ್ ಇಲ್ಲ, ದಡಕ್ಕೆ ಕಟ್ಟಿಯೇ ಇರುತ್ತದೆ.

ನನ್ನ ಲೆಕ್ಕ ಹೀಗಿತ್ತು. ಒಂದು ಡ್ರಮ್ 200 ಕೆ.ಜಿ. ಹೊರುತ್ತೆ, 28 ಡ್ರಮ್ ಅಂದ್ರೆ 5,600. ಕಟ್ಟಿದ ತೂಕ ಎರಡೂವರೆ ಟನ್. ಬೇಕಾದಷ್ಟಾಯ್ತು ಅಂದುಕೊಂಡೆ. ನೀರಿಗಿಳಿಸಿದ ದಿನ ಚೆನ್ನಾಗಿಯೇ ಇತ್ತು, ಬಚ್ಚಲು ಇರುವ ಮೂಲೆ ಒಂದು ಚೂರು ತಗ್ಗಿತ್ತು ಅಷ್ಟೆ. ಫೆಬ್ರವರಿಯಲ್ಲಿ ಬಚ್ಚಲಿನ ಮೇಲೆ 300 ಲೀಟರ್ ಟ್ಯಾಂಕ್ ಇಟ್ಟೆವು. ಆಮೇಲೆ ವಾರದಿಂದ ವಾರಕ್ಕೆ ಆ ಮೂಲೆ ಇಳಿಯುತ್ತಲೇ ಇದೆ. ಈಗ ಮಂಚದ ಕೆಳಗೆ ಚೆಂಡು ಬಿಟ್ಟರೆ ಸೀದಾ ಬಚ್ಚಲಿಗೆ ಓಡುತ್ತೆ. ಅಮ್ಮ ಒಳಗೆ ಕಾಲಿಡಲು ಒಪ್ಪುತ್ತಿಲ್ಲ. ಮಳೆಗಾಲಕ್ಕೆ ಇನ್ನು ಎರಡು ತಿಂಗಳೂ ಇಲ್ಲ. ಆ ಮೂಲೆಗೆ ಇನ್ನೂ ನಾಲ್ಕು ಡ್ರಮ್ ತುರುಕಿದರೆ ಸಾಕಾ? ತಮ್ಮ ಥರ್ಮೋಕೋಲ್ ಹಾಕೋಣ ಅನ್ನುತ್ತಾನೆ.

ಪಂಜರಮೀನು:
ಮಾರಾಯ್ರೆ, ಮೊದಲು ಜನರನ್ನು ಹತ್ತಿಸುವುದು ನಿಲ್ಲಿಸಿ. ನಾನು ಕುಂದಾಪುರದ ಕಡೆಯವನು, ಅಳಿವೆಯಲ್ಲಿ ಪಂಜರ ಹಾಕಿ ಮೀನು ಸಾಕುತ್ತೇನೆ. ನಮ್ಮ ಪಂಜರವೂ ಇದೇ ಜಿಐ ಪೈಪು, ಇದೇ ಡ್ರಮ್ಮು.

ವಾರದಿಂದ ವಾರಕ್ಕೆ ಇಳಿಯುತ್ತಿದೆ ಅಂದರೆ ಅದು ಬರೀ ಟ್ಯಾಂಕ್ ಭಾರ ಅಲ್ಲ. ಟ್ಯಾಂಕ್ ಇಟ್ಟ ದಿನ ಎಷ್ಟು ಇಳಿಯಬೇಕೋ ಅಷ್ಟು ಇಳಿದು ಅಲ್ಲೇ ನಿಲ್ಲಬೇಕಿತ್ತು. ನೀರು ಒಳಗೆ ಹೋಗಿರಬೇಕು. ಒಂದು ಕೋಲಲ್ಲಿ ಪ್ರತಿ ಡ್ರಮ್ಮಿನ ಬೆನ್ನಿಗೆ ತಟ್ಟಿ ನೋಡಿ. ಖಾಲಿ ಡ್ರಮ್ ಡೋಲಿನ ಹಾಗೆ ದನಿ ಕೊಡುತ್ತೆ. ನೀರು ಕುಡಿದದ್ದು ದಬ್ ಅನ್ನುತ್ತೆ.

ಹಗ್ಗವನ್ನೂ ನೋಡಿ. ಭರತದಲ್ಲಿ, ಅಂದರೆ ಉಬ್ಬರದಲ್ಲಿ, ಮಾತ್ರ ಜಾಸ್ತಿ ವಾಲಿದರೆ ಆ ಮೂಲೆಯ ಹಗ್ಗ ಗಿಡ್ಡವಾಗಿ ಕೆಳಗೆಳೆಯುತ್ತಿದೆ ಅಂತ ಅರ್ಥ. ಇಳಿತದಲ್ಲಿ ಮಾತ್ರ ವಾಲಿದರೆ ಇನ್ನೊಂದು ಬದಿ ಕೆಸರಿಗೆ ಕೂತಿದೆ.

ಅಲೆಲೆಕ್ಕ:
ಪಂಜರದವರು ಹೇಳಿದ್ದು ಸರಿ. ನಾನು ಸುರತ್ಕಲ್‌ನಲ್ಲಿ ಓದಿ ದೋಣಿ, ಬಾರ್ಜ್ ಲೆಕ್ಕದಲ್ಲೇ ಇರುವವನು. ಅಂದಾಜಿಗೆ ಡ್ರಮ್ ಸೇರಿಸುವ ಮೊದಲು ಒಂದು ಕೆಲಸ ಮಾಡಿಕೊಡಿ, ಅರ್ಧ ಗಂಟೆ ಸಾಕು. ಗಾಳಿ ಇಲ್ಲದ ಬೆಳಿಗ್ಗೆ, ಒಳಗೆ ಯಾರೂ ಇಲ್ಲದಾಗ, ನಾಲ್ಕೂ ಮೂಲೆಯಲ್ಲಿ ಹಲಗೆಯ ಅಂಚಿನಿಂದ ನೀರಿನವರೆಗೆ ಟೇಪು ಹಿಡಿದು ಅಳೆಯಿರಿ. ಮೊದಲು ಟ್ಯಾಂಕ್ ತುಂಬಿದಾಗ ಒಂದು ಸಲ, ಖಾಲಿ ಮಾಡಿ ಇನ್ನೊಂದು ಸಲ. ಹಗ್ಗಗಳು ಸಡಿಲ ಇರಲಿ. ದೋಣಿಯಲ್ಲಿ ಕೂತು ಅಳೆಯಿರಿ, ಹಲಗೆ ಮೇಲೆ ಬಗ್ಗಿ ಅಳೆದರೆ ನಿಮ್ಮ ಭಾರವೂ ಸೇರುತ್ತೆ.

ತೂಕದ ಪಟ್ಟಿಯಲ್ಲಿ ಏನೇನು ಹಿಡಿದಿದ್ದಿರಿ?

ಕುದ್ರುಮನೆ:
ಇವತ್ತು ಬೆಳಿಗ್ಗೆ ಆರಕ್ಕೆ ಅಳೆದೆವು. ಹಗ್ಗ ಎಲ್ಲ ಸಡಿಲ ಇತ್ತು, ತಳ ಎಲ್ಲೂ ಕೆಸರಿಗೆ ತಾಗಿಲ್ಲ.

ಟ್ಯಾಂಕ್ ತುಂಬಿದಾಗ ಬಚ್ಚಲ ಮೂಲೆ 9 ಸೆಂ.ಮೀ., ಅದರ ಎದುರು ಕರ್ಣದ ಮೂಲೆ 49, ಉಳಿದೆರಡು 27 ಮತ್ತು 31. ಖಾಲಿ ಮಾಡಿದ ಮೇಲೆ 22, 40, 29, 33. ಡಿಸೆಂಬರ್‌ನ ಫೋಟೋದಲ್ಲಿ ಪಟ್ಟಿ ಇಟ್ಟು ಲೆಕ್ಕ ಹಾಕಿದರೆ ಆಗ ಬಚ್ಚಲ ಮೂಲೆಗೂ ಎದುರು ಮೂಲೆಗೂ 6 ಸೆಂ.ಮೀ. ವ್ಯತ್ಯಾಸ ಇತ್ತು.

ತೂಕ: ಪೈಪು 700, ಪ್ಲೈವುಡ್ 375, ಕೋಣೆ 800, ಬಚ್ಚಲಿನ ಸಿಮೆಂಟ್ ಶೀಟು ಮತ್ತು ಟೈಲ್ಸ್ 350, ಮಂಚ ಸಾಮಾನು 250.

ಅಲೆಲೆಕ್ಕ:
ತುಂಬಾ ಚೆನ್ನಾಗಿ ಅಳೆದಿದ್ದೀರಿ. ಈ ಎಂಟು ಅಂಕಿಯಲ್ಲೇ ರೋಗ ಸಿಕ್ಕಿತು.

ಮೊದಲನೆಯದು ಸಮಾಧಾನದ ಮಾತು. 9+49=58, 27+31=58. ಕರ್ಣದ ಎದುರುಬದುರು ಮೂಲೆಗಳ ಮೊತ್ತ ಎರಡೂ ಕಡೆ ಒಂದೇ ಬಂದರೆ ಚೌಕಟ್ಟು ತಿರುಚಿಕೊಂಡಿಲ್ಲ ಅಂತ ಅರ್ಥ. ಖಾಲಿ ಇದ್ದಾಗಲೂ 62, 62. ವೆಲ್ಡಿಂಗ್ ಮಾಡಿದವರು ಕೆಲಸ ಗಟ್ಟಿ ಮಾಡಿದ್ದಾರೆ.

ಎರಡನೆಯದು. 300 ಕೆ.ಜಿ. ನೀರು ತೆಗೆದಾಗ ಬಚ್ಚಲ ಮೂಲೆಗೂ ಎದುರು ಮೂಲೆಗೂ ಇದ್ದ ವ್ಯತ್ಯಾಸ 40ರಿಂದ 18ಕ್ಕೆ ಇಳಿಯಿತು. ಅಂದರೆ ಆ ಮೂಲೆಯಲ್ಲಿ 300 ಕೆ.ಜಿ.ಗೆ 22 ಸೆಂ.ಮೀ. ವಾಲುತ್ತೆ. ಹಡಗು ಕಟ್ಟುವವರು ಗೊತ್ತಿರುವ ಭಾರವನ್ನು ಆಚೀಚೆ ಸರಿಸಿ ಎಷ್ಟು ವಾಲುತ್ತೆ ಅಂತ ನೋಡುತ್ತಾರಲ್ಲ, ನಿಮ್ಮ ಟ್ಯಾಂಕೇ ಆ ಪರೀಕ್ಷೆ ಮಾಡಿಕೊಟ್ಟಿತು. ಟ್ಯಾಂಕ್ ಖಾಲಿ ಇದ್ದಾಗ ಡಿಸೆಂಬರ್‌ನ 6 ಸೆಂ.ಮೀ.ಗೇ ವಾಪಸ್ ಬರಬೇಕಿತ್ತು. ಬಂದದ್ದು 18. ಆ ಹೆಚ್ಚಿನ 12 ಸೆಂ.ಮೀ.ಗೆ ಅದೇ ಲೆಕ್ಕ ಹಾಕಿದರೆ ಸುಮಾರು 160 ಕೆ.ಜಿ. ಬೇಡದ ಭಾರ ಆ ಮೂಲೆಯಲ್ಲಿ ಕೂತಿದೆ. ಅದು ಡ್ರಮ್ ಕುಡಿದ ನೀರೇ ಇರಬೇಕು.

ಇನ್ನು ನಿಮ್ಮ ಪಟ್ಟಿ. ಡ್ರಮ್ಮುಗಳ ಸ್ವಂತ ತೂಕ ಬಿಟ್ಟಿದ್ದೀರಿ, ಒಂದಕ್ಕೆ 9 ಕೆ.ಜಿ. ಹಿಡಿದರೆ 250. ಟ್ಯಾಂಕಿನ ನೀರು 300. ಕಕ್ಕಸಿನ ತೊಟ್ಟಿ ಎಷ್ಟು ದೊಡ್ಡದೋ ಹೇಳಿಲ್ಲ, 200 ಇರಲಿ. ಆರು ಜನ 420. ಒಟ್ಟು 3,645 ಆಯಿತು. ಡ್ರಮ್ಮು ಹೊರಗಿನ ಅಳತೆಯಲ್ಲಿ ತಲಾ 215 ಲೀಟರ್ ಜಾಗ ಹಿಡಿಯುತ್ತೆ, 28ಕ್ಕೆ ಸುಮಾರು 6,000. ಅಂದರೆ ಶೇ. 60ರಷ್ಟು ಮುಳುಗುತ್ತೆ. ಒಟ್ಟು ತೇಲುವಿಕೆಗೆ ಕೊರತೆ ಇಲ್ಲ. ಅದಕ್ಕೇ ಹೇಳುತ್ತಿರುವುದು, ಡ್ರಮ್ ಸೇರಿಸುವುದು ಇದಕ್ಕೆ ಮದ್ದಲ್ಲ. ಅಡ್ಡೆ ಹೊತ್ತವರಿಗೆ ಇದು ಗೊತ್ತು. ಹೆಗಲಿಗೆ ಶಕ್ತಿ ಎಷ್ಟಿದ್ದರೂ ಎರಡು ತುದಿಯ ಬುಟ್ಟಿ ಸಮ ಇಲ್ಲದಿದ್ದರೆ ನಡೆಯಲು ಆಗಲ್ಲ.

ಅಪಾಯ ಎಲ್ಲಿದೆ ಹೇಳುತ್ತೇನೆ, ದಯವಿಟ್ಟು ಗಮನ ಕೊಡಿ. ಈಗ ಆ ಮೂಲೆ ನೀರಿನಿಂದ 9 ಸೆಂ.ಮೀ. ಮೇಲಿದೆ. ಡ್ರಮ್ಮಿನ ಬೆನ್ನು ಹಲಗೆಗಿಂತ ಇನ್ನೂ ಕೆಳಗಿರುತ್ತೆ ಅಲ್ವಾ? ನಾಲ್ಕು ಜನ ಸೂರ್ಯಾಸ್ತ ನೋಡಲು ಅಲ್ಲಿಗೆ ಹೋಗಿ ನಿಂತರೆ 280 ಕೆ.ಜಿ. ಹತ್ತು ಹನ್ನೆರಡು ಸೆಂ.ಮೀ. ಇಳಿಯುತ್ತೆ. ಹಲಗೆ ಮೇಲೆ ನೀರು ಬರುತ್ತೆ. ಡ್ರಮ್ ಪೂರ್ತಿ ಮುಳುಗಿದ ಮೇಲೆ ಅದು ಇನ್ನೊಂದು ಕೆ.ಜಿ.ಯನ್ನೂ ಜಾಸ್ತಿ ಎತ್ತಲ್ಲ. ಅಲ್ಲಿಯವರೆಗೆ ಮೆಲ್ಲಗೆ ವಾಲಿದ್ದು ಆಮೇಲೆ ಬೇಗ ವಾಲುತ್ತೆ. ಟ್ಯಾಂಕ್ ಇವತ್ತೇ ಖಾಲಿ ಮಾಡಿ, ಹಾಗೇ ಇರಲಿ.

ಕುದ್ರುಮನೆ:
ಓದಿ ಎದೆ ಝಲ್ ಅಂತು. ಹೋದ ವಾರ ಅಕ್ಕನ ಮಕ್ಕಳು ಅದೇ ಮೂಲೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಟ್ಯಾಂಕ್ ಖಾಲಿ ಮಾಡಿ ಬಾಗಿಲಿಗೆ ಬೀಗ ಹಾಕಿದೆ. ಡ್ರಮ್ ತಟ್ಟಿ ನೋಡಿದೆ, ಆ ಮೂಲೆಯಲ್ಲಿ ಮೂರು ದಬ್ ಅನ್ನುತ್ತಿವೆ. ಆದರೆ ಡ್ರಮ್ ಎಲ್ಲೂ ಒಡೆದಿಲ್ಲ. ಮುಚ್ಚಳವೂ ಬಿಗಿಯಾಗಿದೆ. ನೀರು ಹೇಗೆ ಹೋಯಿತು?

ಪಂಜರಮೀನು:
ಡ್ರಮ್ ಉಸಿರಾಡುತ್ತೆ ಅಣ್ಣ. ಹಗಲು ಬಿಸಿಲಿಗೆ ಒಳಗಿನ ಗಾಳಿ ಉಬ್ಬಿ ಮುಚ್ಚಳದ ಮರೆಯಲ್ಲಿ (ತಿರುಪಿನ ಸುತ್ತಿನಲ್ಲಿ) ಹೊರಗೆ ಹೋಗುತ್ತೆ. ರಾತ್ರಿ ತಣಿದಾಗ ಹೀರಿಕೊಳ್ಳುತ್ತೆ. ಡ್ರಮ್ಮಿಗೆ ಎರಡು ಮುಚ್ಚಳ ಇರುತ್ತಲ್ಲ, ಒಂದು ದೊಡ್ಡದು ಒಂದು ಸಣ್ಣದು, ಎದುರುಬದುರು. ನೀವು ಮಲಗಿಸುವಾಗ ಒಂದು ಮೇಲೆ ಒಂದು ಕೆಳಗೆ ಬಂದಿದ್ದರೆ ಮುಗಿಯಿತು. ಮೇಲಿನದರಲ್ಲಿ ಗಾಳಿ ಹೋಗುತ್ತೆ, ಕೆಳಗಿನದರಲ್ಲಿ ನೀರು ಬರುತ್ತೆ. ದಿನಕ್ಕೆ ಒಂದು ಲೀಟರ್ ಬಂದರೂ ಎರಡು ತಿಂಗಳಿಗೆ 60.

ತೆಗೆಯುವ ಉಪಾಯ ಹೇಳುತ್ತೇನೆ. ನೀರಿನಲ್ಲಿ ಇಟ್ಟುಕೊಂಡು ಪಟ್ಟಿ ಬಿಚ್ಚಲು ಹೋಗಬೇಡಿ, ಡ್ರಮ್ ಚಿಮ್ಮಿ ಮುಖಕ್ಕೆ ಬಡಿಯುತ್ತೆ. ಹುಣ್ಣಿಮೆಯ ದೊಡ್ಡ ಭರತಕ್ಕೆ ಪೂರ್ತಿ ದಡಕ್ಕೆ ಎಳೆದು ತೆಂಗಿನ ಬೊಡ್ಡೆಗಳ ಮೇಲೆ ಕೂರಿಸಿ. ಇಳಿತಕ್ಕೆ ತಳ ಕೈಗೆ ಸಿಗುತ್ತೆ. ಮೂರು ನಾಲ್ಕು ಗಂಟೆ ಸಮಯ ಇರುತ್ತೆ. ಆಗಲೇ ತಳದ ಪಚ್ಚಿಲೆ, ಚಿಪ್ಪು ಎಲ್ಲ ಕೆರೆದು ಹಾಕಿ. ಅದೂ ಭಾರವೇ.

ಮುಚ್ಚಳದ ರಬ್ಬರ್ ವಾಷರ್ ಎಲ್ಲ ಹೊಸದು ಹಾಕಿ. ಗುಜರಿ ಅಂಗಡಿಯ ಡ್ರಮ್ಮಾದರೆ ವಾಷರ್ ಸತ್ತೇ ಹೋಗಿರುತ್ತೆ. ಮರೆಗೆ ಟೆಫ್ಲಾನ್ ಟೇಪ್ ಸುತ್ತಿ, ಬಿಗಿದು, ಮೇಲೆ ಸೀಲೆಂಟ್. ಡ್ರಮ್ ಕಟ್ಟುವಾಗ ಎರಡೂ ಮುಚ್ಚಳ ಒಂದೇ ಮಟ್ಟಕ್ಕೆ ಬರುವ ಹಾಗೆ ತಿರುಗಿಸಿ. ಅಕಸ್ಮಾತ್ ಸೋರಿದರೂ ಅರ್ಧಕ್ಕೆ ನಿಲ್ಲುತ್ತೆ.

ನಾನು ಇನ್ನೊಂದು ಮಾಡುತ್ತೇನೆ. ಸಣ್ಣ ಮುಚ್ಚಳಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸುತ್ತೇನೆ. ಸೈಕಲ್ ಪಂಪಿನಲ್ಲಿ ನಲವತ್ತು ಐವತ್ತು ಸಲ ಒತ್ತಿದರೆ ಡ್ರಮ್ಮಿನ ಮುಖ ಒಂಚೂರು ಉಬ್ಬುತ್ತೆ. ಅಷ್ಟು ಸಾಕು. ಸೋಪಿನ ನೀರು ಬಳಿದು ಗುಳ್ಳೆ ಏಳುತ್ತಾ ನೋಡಿ. ಒಂದು ರಾತ್ರಿ ಬಿಟ್ಟು ಮುಖ ಮತ್ತೆ ಒಳಗೆ ಹೋಗಿದ್ದರೆ ಆ ಡ್ರಮ್ ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಡ್ರಮ್ ಸಿಡಿಯುತ್ತೆ.

ಲೇಕ್‌ಯೂನಿಯನ್:
ನಾನು ಸಿಯಾಟಲ್‌ನಲ್ಲಿ ಇರುವ ಕನ್ನಡಿಗ. ಇಲ್ಲಿನ ಲೇಕ್ ಯೂನಿಯನ್ ಕೆರೆಯಲ್ಲಿ ಸುಮಾರು 500 ತೇಲುವ ಮನೆಗಳಿವೆ. ಹಳೆಯವು ಇವತ್ತಿಗೂ ದೊಡ್ಡ ದೊಡ್ಡ ಸೀಡರ್ ದಿಮ್ಮಿಗಳ ಮೇಲೆ ನಿಂತಿವೆ. ದಿಮ್ಮಿ ವರ್ಷ ಹೋದ ಹಾಗೆ ನೀರು ಕುಡಿದು ಭಾರ ಆಗುತ್ತೆ. ಆಗ ಮುಳುಗುಗಾರರನ್ನು ಕರೆಸಿ, ತಗ್ಗಿದ ಬದಿಯ ಕೆಳಗೆ ಡ್ರಮ್ ತಳ್ಳಿಸಿ ಅದಕ್ಕೆ ಗಾಳಿ ತುಂಬಿಸುತ್ತಾರೆ. ನನ್ನ ಸ್ನೇಹಿತನ ಮನೆಯಲ್ಲಿ ಪುಸ್ತಕದ ಕಪಾಟು ಸರಿಸಿದ ಮೇಲೆ ಬಾಗಿಲು ತಾನಾಗಿ ತೆರೆದುಕೊಳ್ಳಲು ಶುರುವಾಯಿತು. ತೇಲುವ ಮನೆ ಇಟ್ಟುಕೊಂಡವರಿಗೆ ಇದು ವರ್ಷವರ್ಷದ ಕೆಲಸ, ಬೇಸರ ಮಾಡಿಕೊಳ್ಳಬೇಡಿ.

ಥರ್ಮೋಕೋಲ್ ಬಗ್ಗೆ ಕೇಳಿದ್ದಿರಿ. ಬಿಚ್ಚು ಥರ್ಮೋಕೋಲ್ ನೀರಿಗೆ ಖಂಡಿತ ಬೇಡ. ಅಲೆಗೆ ಉಜ್ಜಿ ಕಾಳು ಕಾಳಾಗಿ ಉದುರುತ್ತೆ, ಮೀನು ಹಕ್ಕಿ ಅದನ್ನು ತಿನ್ನುತ್ತವೆ. ಪಕ್ಕದ ದೋಣಿಯ ಪೆಟ್ರೋಲ್ ತಾಗಿದರೆ ಕರಗಿಯೇ ಹೋಗುತ್ತೆ. ನಮ್ಮ ಪಕ್ಕದ ಒರೆಗಾನ್ ರಾಜ್ಯದಲ್ಲಿ ಗಟ್ಟಿ ಕವಚ ಇಲ್ಲದ ಥರ್ಮೋಕೋಲನ್ನು ತೇಲಿಸಲು ಬಳಸುವಂತಿಲ್ಲ.

ಅಲೆಲೆಕ್ಕ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಡ್ರಮ್ ಒಳಗೆ ಥರ್ಮೋಕೋಲ್ ತುಂಬಿದರೆ ಜಾಸ್ತಿ ತೇಲುತ್ತೆ ಅನ್ನುವುದು ತಪ್ಪು. ಗಾಳಿಗಿಂತ ಅದು ಹಗುರ ಅಲ್ಲ. ನೀರು ಒಳಗೆ ಬರಲು ಜಾಗ ಕೊಡಲ್ಲ, ಅಷ್ಟೇ ಅದರ ಉಪಯೋಗ. ಬಾಯಿ ಪೂರ್ತಿ ತೆರೆಯುವ ಡ್ರಮ್ಮಾದರೆ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ ತುಂಬಿದರೂ ಅದೇ ಕೆಲಸ ಆಗುತ್ತೆ.

ಟ್ಯಾಂಕನ್ನು ಮಾಡಿನ ಎತ್ತರದಿಂದ ಕೆಳಗಿಳಿಸಿ. ಭಾರ ಮೇಲಿದ್ದಷ್ಟೂ ಹೊಯ್ದಾಟ ಜಾಸ್ತಿ. ಅರ್ಧ ತುಂಬಿದ ಟ್ಯಾಂಕ್ ಇನ್ನೂ ಕೆಟ್ಟದ್ದು, ವಾಲಿದ ಕಡೆಗೇ ನೀರು ಓಡಿ ಮತ್ತಷ್ಟು ವಾಲಿಸುತ್ತೆ. ಎರಡು ಸಣ್ಣ ಟ್ಯಾಂಕ್ ಮಾಡಿ ಹಲಗೆಯ ಮೇಲೇ, ಬಚ್ಚಲಿನ ಎದುರು ಬದಿಯ ಗೋಡೆಗೆ ತಾಗಿ ಇಡಿ. ಸಣ್ಣ ಪಂಪು ಸಾಕು.

ಮುಂದೆ ಡ್ರಮ್ ಸೇರಿಸಲೇಬೇಕಾದರೆ ನಡುವೆ ಬೇಡ, ಅಂಚಿಗೆ ಹಾಕಿ. ನಡುವಿನ ಡ್ರಮ್ ಬರೀ ಹೊರುತ್ತೆ. ಅಂಚಿನದು ಹೊರುತ್ತೆ, ವಾಲದ ಹಾಗೆ ಹಿಡಿಯುತ್ತೆ ಕೂಡ. ದೂರ ಎರಡರಷ್ಟಾದರೆ ಆ ಹಿಡಿತ ನಾಲ್ಕರಷ್ಟು.

ಕುದ್ರುಮನೆ:
ಕೆಲಸ ಮುಗಿಸಿ ಬರೆಯುತ್ತಿದ್ದೇನೆ. ಹುಣ್ಣಿಮೆ ಭರತಕ್ಕೆ ಹತ್ತು ಜನ ಸೇರಿ ಎಳೆದೆವು. ಮೂರೂ ಡ್ರಮ್ಮಿನ ನೀರು ಬಕೆಟಿಗೆ ಬಗ್ಗಿಸಿದೆವು. 15 ಲೀಟರಿನ ಬಕೆಟ್, ಹತ್ತು ತುಂಬಿ ಹನ್ನೊಂದನೆಯದು ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು. ನೀವು 160 ಅಂದಿದ್ದಿರಿ! ತಮ್ಮ ಬಕೆಟ್ ಎಣಿಸುತ್ತಾ ಎಣಿಸುತ್ತಾ ಸುಮ್ಮನಾಗಿಬಿಟ್ಟ. ಮೂರರಲ್ಲೂ ಮುಚ್ಚಳ ಮೇಲೊಂದು ಕೆಳಗೊಂದೇ ಇತ್ತು. ಸಣ್ಣ ಮುಚ್ಚಳದ ವಾಷರ್ ಉಗುರಿನಲ್ಲಿ ಒತ್ತಿದರೆ ಪುಡಿ ಪುಡಿ.

ಎಲ್ಲ 28ಕ್ಕೂ ಹೊಸ ವಾಷರ್, ಟೇಪು, ಸೀಲೆಂಟ್ ಹಾಕಿದೆವು. ಇಳಿತದ ಸಮಯ ಸಾಲದೆ ಎರಡು ದಿನ ಹಿಡಿಯಿತು. 150 ಲೀಟರಿನ ಎರಡು ಟ್ಯಾಂಕ್ ಎದುರು ಬದಿಗೆ ಇಟ್ಟೆವು. ಇವತ್ತು ಬೆಳಿಗ್ಗೆ ಎರಡೂ ತುಂಬಿಸಿ ಅಳೆದದ್ದು: 28, 33, 30, 31. ಕರ್ಣದ ಮೊತ್ತ 61, 61. ಅಮ್ಮ ಒಳಗೆ ಬಂದು ಮಂಚದ ಮೇಲೆ ಕೂತು ಚಹಾ ಕುಡಿದರು.

ಇನ್ನೊಂದೇ ಪ್ರಶ್ನೆ. ಮಳೆಗಾಲದಲ್ಲಿ ಉಪ್ಪು ನೀರು ಹೋಗಿ ಸಿಹಿ ನೀರು ಬರುತ್ತಲ್ಲ, ಆಗ ಇನ್ನೂ ಇಳಿಯುತ್ತಾ?

ಅಲೆಲೆಕ್ಕ:
ಸಮುದ್ರದ ನೀರು ಘನ ಮೀಟರಿಗೆ 1,025 ಕೆ.ಜಿ., ಸಿಹಿ ನೀರು 1,000. ನಿಮ್ಮ ಕೋಣೆಗೆ ಒಂದು ಸೆಂ.ಮೀ.ಗೂ ಕಮ್ಮಿ ಇಳಿಯುತ್ತೆ. ಅದಕ್ಕೆ ಚಿಂತೆ ಬೇಡ. ಚಿಂತೆ ಇರಬೇಕಾದದ್ದು ನೆರೆಗೆ. ಆಮ್‌ಸ್ಟರ್‌ಡ್ಯಾಮಿನ ಐಬರ್ಗ್ ಬಡಾವಣೆಯಲ್ಲಿ ಕಾಂಕ್ರೀಟ್ ತೊಟ್ಟಿಯ ಮೇಲಿನ ತೇಲುವ ಮನೆಗಳನ್ನು ಕರ್ಣದ ಎರಡು ಮೂಲೆಯಲ್ಲಿ ಎರಡು ಕಂಬಕ್ಕೆ ಹಿಡಿಸಿದ್ದಾರೆ. ನೀರಿನ ಜೊತೆ ಮನೆ ಏರಿ ಇಳಿಯುತ್ತೆ, ಪಕ್ಕಕ್ಕೆ ಹೋಗಲ್ಲ. ನಿಮಗೂ ಅದೇ ಒಳ್ಳೆಯದು. ಕಂಬದ ಸುತ್ತ ಬಳೆ ಹಾಕಿ, ಹಗ್ಗದ ಗಂಟು ಬೇಡ. ಕಂಬದ ತುದಿ ನೀವು ಕಂಡ ಅತಿ ದೊಡ್ಡ ನೆರೆಗಿಂತ ಒಂದು ಮೀಟರ್ ಮೇಲಿರಲಿ.

ಪಂಜರಮೀನು:
ಈ ವರ್ಷ ಕಂಬ ನೆಡಲು ಸಮಯ ಇಲ್ಲ ಅಣ್ಣ. ಮೇ ಕೊನೆಯ ಭರತಕ್ಕೆ ಮತ್ತೆ ಅದೇ ಬೊಡ್ಡೆಗಳ ಮೇಲೆ ಎಳೆದಿಡಿ, ಇನ್ನೂ ಎತ್ತರಕ್ಕೆ. ನೆರೆಯಲ್ಲಿ ಬರುವ ಮರದ ದಿಮ್ಮಿಗೆ ಡ್ರಮ್ ತಡೆಯಲ್ಲ. ನಾವೂ ಮಳೆಗೆ ಮೊದಲೇ ಮೀನು ಹಿಡಿದು ಪಂಜರ ದಡ ಸೇರಿಸುತ್ತೇವೆ. ಬೇಕಿದ್ದರೆ ಎಳೆಯುವ ದಿನ ಹೇಳಿ, ನಾನೂ ಇಬ್ಬರನ್ನು ಕರೆದುಕೊಂಡು ಬರುತ್ತೇನೆ.