ಬಾಣಂತಿ ಕೋಣೆಗೆ ಹೀಟರ್ ಹಾಕಿದರೆ ಜನರೇಟರ್ ಟ್ರಿಪ್ ಆಗುತ್ತಿದೆ

ಪ್ರಶ್ನೆ:
ನಮ್ಮದು ಮದ್ದೂರಿನ ಬಳಿಯ ಹಳ್ಳಿ. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ ಹದಿನೆಂಟು ದಿನ. ಮಾಗಿಯ ಚಳಿಯಲ್ಲಿ ಬೆಳಗಿನ ಜಾವ ಕರೆಂಟ್ ಹೋಗುವುದರಿಂದ ಪೆಟ್ರೋಲ್ ಜನರೇಟರ್ ತಂದಿದ್ದೇವೆ. ಅದರ ನಿರಂತರ ಸಾಮರ್ಥ್ಯ 2.1 ಕೆವಿಎ. 2000 ವ್ಯಾಟ್ ಹೀಟರ್ ಐದಾರು ನಿಮಿಷ ಸರಿಯಾಗಿ ನಡೆದು, ಫ್ರಿಜ್ ಶುರುವಾದ ಕೂಡಲೇ ಟ್ರಿಪ್ ಆಗುತ್ತದೆ. ಕಳ್ಳರ ಭಯಕ್ಕೆ ಜನರೇಟರನ್ನು ಹಿಂದಿನ ಜಗಲಿಯಲ್ಲಿ, ಗ್ರಿಲ್ ಒಳಗೇ ಇಟ್ಟು, ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಅಡುಗೆಮನೆಯ ಸಾಕೆಟ್ಟಿಗೆ ಕೊಟ್ಟಿದ್ದೇವೆ. ಇನ್ನೂ ದೊಡ್ಡದನ್ನು ಕೊಳ್ಳಬೇಕೇ?

ಉತ್ತರ:
ಟ್ರಿಪ್ಪಿನ ವಿಷಯ ಆಮೇಲೆ ಹೇಳುತ್ತೇನೆ. ದಯವಿಟ್ಟು ಇಂದು ರಾತ್ರಿ ಅದನ್ನು ಜಗಲಿಯಲ್ಲಿ ಚಾಲೂ ಮಾಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಗ್ರಿಲ್ ಇದ್ದರೂ ಜಗಲಿಯು ಮನೆಯ ಒಳಗೇ ಎಂದು ತಿಳಿಯಿರಿ. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಬಯಲಿನಲ್ಲಿ, ಹೊಗೆಕೊಳವೆ ಕಿಟಕಿಬಾಗಿಲುಗಳಿಗೆ ಬೆನ್ನು ಮಾಡಿ ನಿಂತಿರಬೇಕು. ಮನೆಯಲ್ಲಿ ಯಾರಿಗಾದರೂ ತಲೆನೋವು, ಓಕರಿಕೆ ಕಾಣಿಸಿದೆಯೇ?

ಎರಡು ಪ್ಲಗ್ಗಿನ ವೈರನ್ನು ಕತ್ತರಿಸಿ ಎಸೆಯಿರಿ. ಮೇನ್ ಸ್ವಿಚ್ ತೆಗೆಯಲು ಒಂದು ದಿನ ಮರೆತರೆ ನಿಮ್ಮ 230 ವೋಲ್ಟ್ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟ್ ಆಗಿ, ಲೈನ್ ಸತ್ತಿದೆಯೆಂದು ನಂಬಿ ಕಂಬ ಹತ್ತಿದವನನ್ನು ಕೊಲ್ಲಬಹುದು. ಮನೆಯ ವೈರಿಂಗಿಗೇ ಕೊಡಬೇಕೆಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಹಾಕಿಸಿ.

ಇನ್ನು ಟ್ರಿಪ್. 2000 ವ್ಯಾಟಿನ ಹೀಟರ್ ಒಂದೇ ಜನರೇಟರಿನ 2.1 ಕೆವಿಎಯಲ್ಲಿ 2ನ್ನು ತಿನ್ನುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವಾಗ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಹೀಟರನ್ನು 1000 ವ್ಯಾಟಿಗೆ ಇಳಿಸಿ, ಫ್ರಿಜ್ ಬಿಡಿಸಿ. ಹೊಸ ಯಂತ್ರ ಬೇಕಿಲ್ಲ. ಅಂಗಳದಿಂದ ಎಳೆಯುವ ವೈರು 2.5 ಚದರ ಮಿಲಿಮೀಟರಿನ ತಾಮ್ರದ್ದಾಗಿರಲಿ, ಪೂರ್ತಿ ಬಿಚ್ಚಿರಲಿ. ಸುತ್ತಿಟ್ಟ ವೈರು ಬಿಸಿಯಾಗಿ ಅದರ ಪ್ಲಾಸ್ಟಿಕ್ ಒಂದಕ್ಕೊಂದು ಅಂಟಿಕೊಂಡದ್ದನ್ನು ನಾನೇ ಬಿಡಿಸಿದ್ದೇನೆ.

ಪ್ರಶ್ನೆ ಕೇಳಿದವರು:
ಮಗಳಿಗೆ ಎರಡು ದಿನದಿಂದ ಬೆಳಿಗ್ಗೆ ತಲೆನೋವಿದೆ, ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡಿದ್ದೆವು. ಬೆರಳಿನ ಆಕ್ಸಿಮೀಟರ್ 98 ತೋರಿಸುತ್ತಿದೆ. ಜನರೇಟರ್ ಬಿಟ್ಟು ಮೊದಲಿನಂತೆ ಕೆಂಡದ ಅಗ್ಗಿಷ್ಟಿಕೆ ಇಡಬಹುದೇ?

ಉತ್ತರ:
ಆ 98ನ್ನು ನಂಬಬೇಡಿ. ಆ ಉಪಕರಣ ವಿಷ ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತದ್ದೆಂದೇ ಎಣಿಸುತ್ತದೆ. ತಾಯಿ, ಮಗು ಇಬ್ಬರನ್ನೂ ಈಗಲೇ ಆಸ್ಪತ್ರೆಗೆ ಕರೆದೊಯ್ದು, ಜಗಲಿಯಲ್ಲಿ ಜನರೇಟರ್ ಓಡುತ್ತಿತ್ತೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮುಚ್ಚಿದ ಕೋಣೆಯ ಕೆಂಡವೂ ಅದೇ ವಿಷವನ್ನು ಬಿಡುತ್ತದೆ, ಸಾಂಬ್ರಾಣಿಯ ಪರಿಮಳ ಅದನ್ನು ಕಡಿಮೆ ಮಾಡುವುದಿಲ್ಲ. ಕರೆಂಟಿಲ್ಲದ ಹೊತ್ತಿನಲ್ಲಿ ಮಗುವಿಗೆ ಟೋಪಿ ಹಾಕಿ, ಎಚ್ಚರವಾಗಿರುವ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ ಮೇಲೊಂದು ಕಂಬಳಿ ಹೊದಿಸಿ.

ಪ್ರಶ್ನೆ ಕೇಳಿದವರು:
ಹೊರಟಿದ್ದೇವೆ. ಜನರೇಟರನ್ನು ಬಾವಿಯ ಆಚೆಗೆ ಸಾಗಿಸಲು ತಮ್ಮನಿಗೆ ಹೇಳಿದ್ದೇನೆ.