ಸಹಾಯ ಬೇಕು: ಎಕ್ಸ್‌ಪ್ರೆಸ್‌ವೇ ಸ್ಪೀಡ್ ಚಲನ್, ಕಟ್ಟುವುದೋ ಪ್ರಶ್ನಿಸುವುದೋ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ನನಗೆ ಬಂದ ಚಲನ್‌ನಲ್ಲಿರುವುದು 118. ಎಸ್ಸೆಮ್ಮೆಸ್‌ನ ಲಿಂಕ್ ಒತ್ತದೆ, ನೇರವಾಗಿ ಸರ್ಕಾರದ ಪರಿವಾಹನ್ ಇ-ಚಲನ್ ತಾಣದಲ್ಲೇ ವಾಹನ ಸಂಖ್ಯೆ ಹಾಕಿ ನೋಡಿದ್ದಾಗಿದೆ, ಚಲನ್ ಅಸಲಿಯೇ. (ಚಲನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲನ್ನು ದಯವಿಟ್ಟು ಯಾರೂ ತೆರೆಯಬೇಡಿ, ಅದು ಮೋಸ.)

ತೊಡಕು ಫೋಟೋದಲ್ಲಿದೆ. ಅಕ್ಕಪಕ್ಕ ಎರಡು ಕಾರು, ಪ್ಲೇಟಿನ ಕೊನೆಯ ಅಂಕಿ 3ರಂತೆಯೂ 8ರಂತೆಯೂ ಕಾಣುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣಬೇಕು. ಉಪಕರಣ ಅಳೆದ ವೇಗ, ದಿನಾಂಕ, ಸಮಯ, ಸ್ಥಳವೂ ಇರಬೇಕು. ದಂಡ ಕಟ್ಟಿದರೆ ತಪ್ಪೊಪ್ಪಿದಂತೆ, ಆಮೇಲೆ ಆಕ್ಷೇಪಕ್ಕೆ ಬಲವಿರದು. ಅದಕ್ಕೇ ಇನ್ನೂ ಕಟ್ಟಿಲ್ಲ.

ಕೇಳಬೇಕಾದ್ದು ಎರಡು. ಗಣಂಗೂರು ಟೋಲ್‌ನ ಫಾಸ್ಟ್ಯಾಗ್ ಸಮಯವನ್ನು ಪುರಾವೆಯಾಗಿ ಯಾರಾದರೂ ಕೊಟ್ಟಿದ್ದೀರಾ? ಎರಡು ಟೋಲ್‌ಗಳ ನಡುವಿನ ಸರಾಸರಿ ವೇಗ ತೋರಿಸಿ ವಾದಿಸಲಾಗದು, ಕ್ಯಾಮೆರಾ ಹಿಡಿಯುವುದು ಆ ಜಾಗದ ವೇಗವನ್ನು. ಆ ಹೊತ್ತಿಗೆ ಕಾರು ಅಲ್ಲಿರಲಿಲ್ಲ ಎನ್ನಲಷ್ಟೇ ಫಾಸ್ಟ್ಯಾಗ್ ಸಮಯ ಉಪಯೋಗ. ಇನ್ನೊಂದು, ಆಕ್ಷೇಪದ ಜೊತೆ ಮೂಲ ರೆಸಲ್ಯೂಷನ್ನಿನ ಫೋಟೋ ಕೇಳಿ ಪಡೆದವರಿದ್ದರೆ ಅರ್ಜಿ ಬರೆದ ರೀತಿ ತಿಳಿಸಿ.