ಪೈಥಾನ್ ಬರುತ್ತೆ, ರಸ್ಟ್ ಕಲೀಬೇಕು, ಯಾವುದ್ರಿಂದ ಶುರು ಮಾಡ್ಲಿ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಕೆಲಸದಲ್ಲಿ ಪೈಥಾನ್ ಬರೀತೀನಿ, ಸಿ ಕಾಲೇಜಲ್ಲಿ ಓದಿದ್ದಷ್ಟೇ. ಈಗ ಟೀಮಲ್ಲಿ ಒಂದು ವೆಬ್ ಸರ್ವೀಸ್‌ನ ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಬರೀಬೇಕು ಅಂತಿದಾರೆ. ಯೂಟ್ಯೂಬಲ್ಲಿ ಗಂಟೆಗಟ್ಟಲೆ ವಿಡಿಯೋ ಇದೆ, ದುಡ್ಡಿನ ಕೋರ್ಸ್ ಇದೆ, ಅಫಿಷಿಯಲ್ ಬುಕ್ ಬೇರೆ ಇದೆ, ಯಾವ್ದು ಹಿಡಿಯೋದು ಗೊತ್ತಾಗ್ತಿಲ್ಲ. ರಾತ್ರಿ ಒಂದು ಗಂಟೆ ಬಿಡುವು ಸಿಗುತ್ತೆ ಅಷ್ಟೆ.

ಉತ್ತರ 1:
ದುಡ್ಡು ಖರ್ಚು ಮಾಡ್ಬೇಡಿ ಸರ್. ಅಫಿಷಿಯಲ್ ಬುಕ್ ಫ್ರೀ, ರಸ್ಟಪ್ ಅನ್ನೋ ಟೂಲಿಂದ ರಸ್ಟ್ ಇನ್‌ಸ್ಟಾಲ್ ಮಾಡಿದ್ರೆ ಜೊತೇಲೇ ಬರುತ್ತೆ, ನೆಟ್ ಇಲ್ದಿದ್ರೂ ಓದ್ಬಹುದು. ಅದ್ರ ಜೊತೆ ರಸ್ಟ್‌ಲಿಂಗ್ಸ್ ಹಾಕ್ಕೊಳ್ಳಿ, ತಪ್ಪಿರೋ ಸಣ್ಣ ಸಣ್ಣ ಪ್ರೋಗ್ರಾಮ್ ಕೊಡುತ್ತೆ, ನೀವು ಸರಿ ಮಾಡಿ ಸೇವ್ ಮಾಡಿದ ಕೂಡ್ಲೇ ಚೆಕ್ ಮಾಡುತ್ತೆ, ನಿಮ್ಮ ಒಂದು ಗಂಟೆ ಬಿಡುವಿಗೆ ಹೇಳಿ ಮಾಡಿಸಿದ ಹಾಗಿದೆ.

ಬುಕ್‌ನ 4ನೇ ಚಾಪ್ಟರ್ ಓನರ್‌ಶಿಪ್ (ಯಾವ ಡೇಟಾ ಯಾವ ವೇರಿಯೇಬಲ್‌ಗೆ ಸೇರಿದ್ದು ಅನ್ನೋ ನಿಯಮ), ಅಲ್ಲಿ ಮಾತ್ರ ಅವಸರ ಬೇಡ. String::from ಬಳಸಿ ಒಂದು ಸ್ಟ್ರಿಂಗ್ ಮಾಡಿ, ಅದನ್ನ ಎ ಅನ್ನೋ ವೇರಿಯೇಬಲ್‌ಗೆ ಹಾಕಿ, ಬಿ ಈಕ್ವಲ್ ಟು ಎ ಅಂತ ಬರೆದು, ಆಮೇಲೆ ಎ ಪ್ರಿಂಟ್ ಮಾಡಿ ನೋಡಿ. ಪೈಥಾನಲ್ಲಿ ನಡಿಯುತ್ತೆ, ಇಲ್ಲಿ ಇ0382 ಎರರ್ ಬರುತ್ತೆ, ಯಾಕಂದ್ರೆ ಸ್ಟ್ರಿಂಗ್ ಬಿ ಪಾಲಾಯ್ತು, ಎ ಹತ್ರ ಏನೂ ಉಳಿದಿಲ್ಲ. ಅದೇ ಜಾಗದಲ್ಲಿ 5 ಅಂತ ನಂಬರ್ ಹಾಕಿದ್ರೆ ಎರರ್ ಬರಲ್ಲ, ನಂಬರ್ ಕಾಪಿ ಆಗುತ್ತೆ. ಈ ವ್ಯತ್ಯಾಸ ತಲೆಗೆ ಹತ್ತೋ ತನಕ ಮುಂದಿನ ಚಾಪ್ಟರ್ ಬೇಡ. ಎರರ್ ಮೆಸೇಜ್ ಪೂರ್ತಿ ಓದಿ, ಏನ್ ಮಾಡ್ಬೇಕು ಅಂತ ಎಷ್ಟೋ ಸಲ ಕಂಪೈಲರೇ ಹೇಳಿರುತ್ತೆ.

ಉತ್ತರ 2:
ಬುಕ್ ಒಳ್ಳೇದೇ, ಆದ್ರೆ ಪೂರ್ತಿ ಓದಿ ಮುಗಿಸಿ ಆಮೇಲೆ ಕೋಡ್ ಬರೀತೀನಿ ಅಂತ ಕೂತ್ರೆ ಆಗಲ್ಲ. 12ನೇ ಚಾಪ್ಟರಲ್ಲಿ ಫೈಲಲ್ಲಿ ಪದ ಹುಡುಕೋ ಒಂದು ಸಣ್ಣ ಟೂಲ್ ಇದೆ, ಅದನ್ನ ಕೈಯಾರೆ ಟೈಪ್ ಮಾಡಿ, ಕಾಪಿ ಪೇಸ್ಟ್ ಬೇಡ. ಇನ್ನು ವಿಡಿಯೋ ನೋಡೋದಾದ್ರೆ ತಾರೀಕು ನೋಡಿ. ಅಸಿಂಕ್ ಅವೇಟ್ (ಒಂದು ಕೆಲಸ ಕಾಯ್ತಿರೋವಾಗ ಇನ್ನೊಂದು ಕೆಲಸ ನಡೆಸೋ ರೀತಿ) ಸ್ಟೇಬಲ್ ಆಗಿದ್ದೇ 2019ರ ನವೆಂಬರಲ್ಲಿ, 1.39 ವರ್ಷನಲ್ಲಿ. ನಿಮ್ಮದು ವೆಬ್ ಸರ್ವೀಸ್, ಅದಕ್ಕಿಂತ ಹಳೇ ವಿಡಿಯೋ ನೋಡಿದ್ರೆ ಈಗ ಯಾರೂ ಬರೀದೇ ಇರೋ ಸ್ಟೈಲ್ ಕಲೀತೀರ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಆ ಎ, ಬಿ ಮಾಡಿ ನೋಡ್ದೆ, ಕ್ಲೋನ್ ಹಾಕಿದ್ರೆ ಎರರ್ ಹೋಗುತ್ತೆ. ಎಲ್ಲಾ ಕಡೆ ಹಾಗೇ ಮಾಡ್ಬಹುದಾ?

ಉತ್ತರ 1:
ಕಲಿಯೋವಾಗ ಪರವಾಗಿಲ್ಲ, ಆದ್ರೆ ಕ್ಲೋನ್ ಹಾಕಿದಾಗೆಲ್ಲ ಅಷ್ಟೂ ಡೇಟಾ ಮತ್ತೆ ಕಾಪಿ ಆಗುತ್ತೆ. ಬರೀ ಓದೋಕೆ ಬೇಕಿದ್ರೆ ರೆಫರೆನ್ಸ್ (ಡೇಟಾ ಕೊಡದೆ ಅದು ಎಲ್ಲಿದೆ ಅಂತ ತೋರ್ಸೋದು) ಕೊಟ್ರೆ ಸಾಕು, ಅದೇ ಚಾಪ್ಟರಲ್ಲಿ ಮುಂದಿನ ಭಾಗ ಅದೇ, ಇವತ್ತು ರಾತ್ರಿ ಅದನ್ನ ಓದಿ.